ಪರದೇಶಗಳಲ್ಲಿ ‘ರಾವ್’: ಒಂದು ಮನೆಹೆಸರಿನ ಹರಹು ಮತ್ತು ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಜನಗಣತಿ ಇಲಾಖೆಯವರು 2000 ಮತ್ತು 2010ನೆಯ ಇಸವಿಗಳ ಗಣತಿಗಳ ತರುವಾಯ ಆ ದೇಶದಲ್ಲಿ ಬಳಕೆಯಲ್ಲಿರುವ ಮನೆಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿದರು. ನೂರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇಟ್ಟುಕೊಂಡಿರುವ ಹೆಸರುಗಳಿಗೆ ಮಾತ್ರ ಅವುಗಳಲ್ಲಿ ಎಡೆಯುಂಟು. ಒಂದೊಂದು ಹೆಸರಿನ ಎದುರಿಗೂ ಅದನ್ನು ಧರಿಸಿದವರು ಒಟ್ಟು ಎಷ್ಟು, ಅವರಲ್ಲಿ ಯಾವ ಜನವರ್ಗದವರು ನೂರಕ್ಕೆ ಎಷ್ಟು ಎಂಬ ಅಂಕಿಗಳನ್ನು ಕೊಟ್ಟಿದ್ದಾರೆ. ಪಟ್ಟಿಯಲ್ಲಿ ‘ರಾವ್’ ಎಂಬುದಕ್ಕೂ ಒಂದು ಸಾಲು ಇದೆ. ಕನ್ನಡ ವಾಚಕನು ಅದನ್ನು ಕಂಡೊಡನೆ ನಮ್ಮವರ ಲೆಕ್ಕ ಸಿಕ್ಕಿತೆಂದು ಸಂತೋಷಪಡುವುದು ಸಹಜ. ಆದರೆ ಆ ಒಂದು ಸಾಲಿನೊಳಗೆ ಪರಸ್ಪರ ಯಾವ ನಂಟೂ ಇಲ್ಲದ ಎರಡು ಹೆಸರುಗಳು ಅಡಗಿವೆ. ಒಂದು ನಮ್ಮದು, ಇನ್ನೊಂದು ಚೀನದ್ದು. ಏಷ್ಯಾ ಖಂಡದವರನ್ನೂ ಪೆಸಿಫಿಕ್ ದ್ವೀಪಗಳವರನ್ನೂ ಒಂದೇ ಅಂಕಣದಲ್ಲಿ ಸೇರಿಸಿರುವುದರಿಂದ ಆ ಅಂಕಣದ ಸಹಾಯದಿಂದಲೂ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮದೆನ್ನುವ ರಾವ್ ತಾನೇ ಒಂದು ಮನೆಯ ಹೆಸರೆ, ಒಂದು ವಂಶದ ಹೆಸರೆ ಎಂದು ಕೇಳಿಕೊಂಡರೆ, ಎರಡೂ ಅಲ್ಲವೆಂದೇ ಉತ್ತರ ಹೇಳಬೇಕಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಜಂಗಮಕೋಟೆ ಎಂಬ ಹೋಬಳಿಯ ಊರಿದೆ. 2007ರವರೆಗೆ ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಇಂಥ ಒಂದು ಊರಿನಿಂದ ಹೊರಟು ದೇಶಾಂತರ ಸೇರಿದವರ ಚರಿತ್ರೆಯನ್ನು ಹೆಸರುಗಳ ಪಟ್ಟಿಯ ಆಧಾರದಿಂದ ಬರೆಯಲಾದೀತೆ? ಚೀನದ ಒಂದು ಹಳ್ಳಿಯಿಂದ ಹೊರಟವರ ವಿಷಯದಲ್ಲಿ ವಿದ್ವಾಂಸರು ಇಂಥ ಕೆಲಸವನ್ನು ಮಾಡುತ್ತಾರೆ. ನಮ್ಮಲ್ಲಿ ಅದು ಏಕೆ ಕಷ್ಟವಾಗಿದೆ, ಯಾವ ದಾರಿಯಿಂದ ಸಾಧ್ಯವಾದೀತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಸರ್‌ನೇಮ್ ಎನ್ನುವುದನ್ನು ಇಲ್ಲಿ ಮನೆಹೆಸರು ಎಂದು ಕರೆದಿದ್ದೇವೆ. ಉತ್ತರ ಕರ್ನಾಟಕದವರು ಅಡ್ಡಹೆಸರು ಎನ್ನುತ್ತಾರೆ; ಕೋಲಾರದ ಕಡೆಯ ತೆಲುಗರು ಇಂಟಿಪೇರು ಎನ್ನುತ್ತಾರೆ. ಹಳೆಯ ಮೈಸೂರಿನ ಕನ್ನಡಿಗರಿಗೆ ಇದಕ್ಕೆ ನಿತ್ಯಬಳಕೆಯ ಮಾತು ಇಲ್ಲದಿರುವುದೇ ಗಮನಿಸತಕ್ಕ ಸಂಗತಿ.

ಮೊದಲು ಚೀನದ ರಾವ್‌ನ ವಿಚಾರ. ಇದು ಸಮೃದ್ಧಿ ಎಂಬ ಅರ್ಥವುಳ್ಳ ಒಂದೇ ಒಂದು ಲಿಪಿಚಿಹ್ನೆ. ಚೀನೀಯರ ಎಲ್ಲ ಮನೆಹೆಸರುಗಳಂತೆ ಇದೂ ತಂದೆಯಿಂದ ಮಕ್ಕಳಿಗೆ ಇಳಿದುಬರುತ್ತದೆ. ಹೆಸರಿನಲ್ಲಿ ಮೊದಲು ನಿಲ್ಲುತ್ತದೆ. ಚಿಹ್ನೆ ಒಂದೇ ಆದರೂ ಅದನ್ನು ಓದುವ ಬಗೆ ಪ್ರಾಂತಕ್ಕೊಂದು, ರೋಮನ್ ಲಿಪಿಯಲ್ಲಿ ಬರೆಯುವ ಬಗೆ ಕಾಲಕ್ಕೊಂದು. ಹಾಂಗ್‌ಕಾಂಗಿನ ಪ್ರಖ್ಯಾತ ವಿದ್ವಾಂಸ ಜಾವ್ ತ್ಸುಂಗ್-ಇ (1917–2018) ಎಂಬವರು ತಮ್ಮ ಮನೆಹೆಸರನ್ನು ‘ಜಾವ್’ ಎಂದು ಬರೆಯುತ್ತಿದ್ದರು. ಅದು ವೇಡ್ ಮತ್ತು ಗೈಲ್ಸ್ ಎಂಬ ಇಂಗ್ಲಿಷರು ರೂಢಿಗೆ ತಂದ ಹಳೆಯ ಕ್ರಮ. ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ನರವಿಜ್ಞಾನಿ ರಾವ್ ಯಿ ಅವರು ಅದೇ ಚಿಹ್ನೆಯನ್ನು ‘ರಾವ್’ ಎಂದು ಬರೆಯುತ್ತಾರೆ. ಇದು 1958ರಲ್ಲಿ ಚೀನ ಸರ್ಕಾರವು ಅಂಗೀಕರಿಸಿದ ಪಿನ್‌ಯಿನ್ ಕ್ರಮ. ಕ್ಯಾಂಟನ್ ಕಡೆಯ ಉಚ್ಚಾರವನ್ನು ಅನುಸರಿಸುವವರು ‘ಯಿಯು’ ಎಂದು ಬರೆಯುತ್ತಾರೆ. ಮೂವರೂ ತಮ್ಮ ಹೆಸರನ್ನು ಕುಂಚದಿಂದ ಬರೆದು ತೋರಿಸಿದರೆ ಒಂದೇ ಚಿಹ್ನೆ ಕಾಣುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಜಾವ್ ಅವರು 1963ರಲ್ಲಿ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಗೆ ಬಂದು ವ್ಯಾಸಂಗ ಮಾಡಿದವರು. ರಾಯರುಗಳಿಗೆ ಕೊರತೆಯಿಲ್ಲದ ಊರಿಗೆ ಚೀನದ ರಾವ್ ಒಬ್ಬರು ಬಂದುಹೋದರೂ, ಕಾಗುಣಿತದ ದೆಸೆಯಿಂದ ಈ ಹೊಂದಿಕೆ ಅಲ್ಲಿ ಯಾರ ಕಣ್ಣಿಗೂ ಬಿದ್ದಿರಲಾರದು.

ಹೆಚ್ಚು ಜನಬಳಕೆಯುಳ್ಳ ಚೀನೀ ಹೆಸರುಗಳಲ್ಲಿ ಈ ಕವಲೊಡೆಯುವಿಕೆ ಇನ್ನೂ ವಿಶಾಲವಾಗಿದೆ. ಬೀಜಿಂಗಿನ ಕಡೆ ‘ಚೆನ್’ ಎನ್ನಿಸಿಕೊಳ್ಳುವ ಹೆಸರು ಕ್ಯಾಂಟನ್ನಿನವರ ಬಾಯಲ್ಲಿ ‘ಚಾನ್’, ಫೂಜಿಯಾನ್ ಪ್ರಾಂತದ ದಕ್ಷಿಣದವರ ಬಾಯಲ್ಲಿ ‘ತಾನ್’, ವಿಯೆಟ್ನಾಮಿನಲ್ಲಿ ‘ಟ್ರಾನ್’. ಸಿಂಗಪುರದಲ್ಲಿ ತಾನ್ ಎಂಬುದು ಅತ್ಯಂತ ಹೆಚ್ಚಾಗಿ ಕಾಣುವ ಚೀನೀ ಹೆಸರು. ಆ ದ್ವೀಪಕ್ಕೆ ವಲಸೆ ಬಂದವರಲ್ಲಿ ಫೂಜಿಯಾನಿನವರೂ ಅವರ ನೆರೆಯ ಚಾವ್‌ಚೌ ಸೀಮೆಯವರೂ ಹೆಚ್ಚಾಗಿದ್ದುದು ಇದಕ್ಕೆ ಕಾರಣ. ಆದುದರಿಂದ ಚೀನೀ ಮನೆಹೆಸರಿನ ಕಾಗುಣಿತವು ಸಂಶೋಧಕನಿಗೆ ಅಡ್ಡಿಯಾಗುವುದರ ಬದಲು ಸಾಕ್ಷಿಯಾಗಿ ಒದಗುತ್ತದೆ. ಯಾವ ಬಂದರಿನಿಂದ ಹೊರಟರು, ಸರಿಸುಮಾರಾಗಿ ಯಾವ ಕಾಲದಲ್ಲಿ ಹೊರಟರು ಎಂಬುದನ್ನು ಅದರಿಂದ ಊಹಿಸಬಹುದು. ಅಷ್ಟೇ ಅಲ್ಲದೆ ಆಗ್ನೇಯ ಏಷ್ಯಾದ ಚೀನೀ ರುದ್ರಭೂಮಿಗಳಲ್ಲಿ ಸಮಾಧಿಶಿಲೆಯ ಮೇಲೆ ಸತ್ತವನ ಹೆಸರಿನೊಡನೆ ಅವನ ಪೂರ್ವಿಕರ ಊರನ್ನೂ ಕೆತ್ತಿಸುವ ಪದ್ಧತಿಯುಂಟು. ವಂಶವು ಹೆಸರಿನಲ್ಲಿ, ಊರು ಕಲ್ಲಿನಲ್ಲಿ ಉಳಿದಿವೆ.

ಸರ್ಕಾರದ ಒತ್ತಾಯವು ಈ ಸರಪಳಿಯನ್ನು ಕಡಿದ ಸಂದರ್ಭಗಳೂ ಇಲ್ಲದಿಲ್ಲ. 1966ರಲ್ಲಿ ಇಂಡೊನೇಷಿಯಾ ಸರ್ಕಾರವು ಚೀನೀ ಮೂಲದ ಪ್ರಜೆಗಳು ಆ ದೇಶದ ಹೆಸರುಗಳನ್ನು ಇಟ್ಟುಕೊಳ್ಳುವಂತೆ ಒತ್ತಾಯಿಸಿದಾಗ, ಲಿಮ್ ಎಂಬವರು ಸಲೀಮ್ ಆದರು; ಹಳೆಯ ಹೆಸರನ್ನು ಹೊಸ ಹೆಸರಿನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡರು. ಫಿಲಿಪೈನ್ಸಿನ ಉದಾಹರಣೆಯು ನಮಗೆ ಇನ್ನೂ ಹತ್ತಿರದ್ದು. 1986ರಿಂದ 1992ರವರೆಗೆ ಆ ದೇಶದ ಅಧ್ಯಕ್ಷೆಯಾಗಿದ್ದ ಕೊರಾಜೋನ್ ಅಕಿನೊ ಅವರ ತವರುಮನೆಯ ಹೆಸರು ಕೊಹುವಾಂಕೊ. ಇದರಲ್ಲಿ ಮೊದಲಿನ ‘ಕೊ’ ಎಂಬುದು ವಂಶದ ಹೆಸರು. ನಡುವಿನದು ಮೂಲಪುರುಷನ ಅಂಕಿತನಾಮದ ತುಣುಕು. ಕಡೆಯ ‘ಕೊ’ ಎಂಬುದು ಅಣ್ಣ ಎಂಬರ್ಥದ ಗೌರವಪದ. ನೆರೆಹೊರೆಯವರು ಒಬ್ಬನನ್ನು ಕೂಗುತ್ತಿದ್ದ ರೀತಿಯೇ ಅವನ ಸಂತತಿಗೆಲ್ಲ ಮನೆಹೆಸರಾಯಿತು. ಆದರೂ ಅವರಿಗೆ ಮೂಲದ ಊರು ಮರೆತುಹೋಗಲಿಲ್ಲ: 1988ರಲ್ಲಿ ಅಧ್ಯಕ್ಷೆಯು ಫೂಜಿಯಾನಿನ ಹೊಂಗ್‌ಜಿಯಾನ್ ಎಂಬ ಹಳ್ಳಿಗೆ ಹೋಗಿ ಮುತ್ತಜ್ಜನ ನೆಲವನ್ನು ಕಂಡುಬಂದರು.

ಈ ಕೊಹುವಾಂಕೊ ಎಂಬ ಹೆಸರಿನ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ರಾವ್ ಕಡೆಗೆ ತಿರುಗೋಣ.

ಸಂಸ್ಕೃತದ ರಾಜನ್ ಶಬ್ದವು ಪ್ರಾಕೃತದಲ್ಲಿ ರಾಯ ಎಂದಾಯಿತು. ಕನ್ನಡದಲ್ಲಿ ಆ ರೂಪವೇ ನೆಲೆನಿಂತು, ವಿಜಯನಗರದ ಅರಸರ ಹೆಸರುಗಳಲ್ಲಿ ಮೆರೆಯಿತು. ಮರಾಠಿಯಲ್ಲಿ ಅದು ರಾವ್ ಎಂದಾಯಿತು. ಕೋಲಾರ, ಹೊಸಕೋಟೆ, ಬೆಂಗಳೂರು, ದೊಡ್ಡಬಳ್ಳಾಪುರ, ಸಿರಾ ಸೀಮೆಗಳು 17ನೆಯ ಶತಮಾನದಲ್ಲಿ ಬಿಜಾಪುರದ ಸುಲ್ತಾನರಿಂದ ಷಹಾಜಿ ಭೋಸಲೆಗೆ ಜಹಗೀರಾಗಿ ಬಂದವು. ಅಂದಿನಿಂದ ಈ ಭಾಗದ ಕಚೇರಿಗಳಲ್ಲಿ ಮರಾಠಿ ಲೆಕ್ಕಪತ್ರಗಳ ವಾಡಿಕೆ ಬೇರೂರಿತು. ಮೈಸೂರು ಸಂಸ್ಥಾನದಲ್ಲಿ 19ನೆಯ ಶತಮಾನದವರೆಗೂ ಅದು ಉಳಿದಿತ್ತು. ಓದುಬರಹದ ಉದ್ಯೋಗದಲ್ಲಿದ್ದವರ ಹೆಸರಿನ ಕೊನೆಗೆ ರಾವ್ ಸೇರಿದುದು ಬಹುಮಟ್ಟಿಗೆ ಈ ವಾತಾವರಣದಲ್ಲಿ. ಇಂದಿಗೂ ನಾವು ಬರವಣಿಗೆಯಲ್ಲಿ ‘ಸುಬ್ಬರಾವ್’ ಎಂದು ಬರೆದು, ಎದುರಿಗೆ ಕಂಡಾಗ ‘ರಾಯರೇ’ ಎಂದು ಕರೆಯುತ್ತೇವೆ. ಒಂದು ಮರಾಠಿಯ ರೂಪ, ಒಂದು ಕನ್ನಡದ್ದು.

ಮುಖ್ಯವಾಗಿ ಗಮನಿಸಬೇಕಾದುದು, ಹಳೆಯ ಮೈಸೂರಿನಲ್ಲಿ ಈ ರಾವ್ ಎಂಬುದು ಮನೆಗೆ ಸೇರಿದ್ದಲ್ಲ, ಆಯಾ ವ್ಯಕ್ತಿಯ ಹೆಸರಿಗೆ ಸೇರಿದ್ದು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ವೆಂಕಟರಾವ್, ಇನ್ನೊಬ್ಬನು ನಂಜುಂಡಯ್ಯ, ಮತ್ತೊಬ್ಬನು ಕೃಷ್ಣಮೂರ್ತಿ ಆಗಿರುವುದು ಇಲ್ಲಿ ಏನೂ ವಿಶೇಷವಲ್ಲ. ರಾವ್, ಅಯ್ಯ, ಅಪ್ಪ, ಅಣ್ಣ ಇವೆಲ್ಲ ಒಂದೇ ಕೆಲಸವನ್ನು ಮಾಡುವ ಪ್ರತ್ಯಯಗಳು. ಕೊಹುವಾಂಕೊ ಎಂಬುದರ ಕಡೆಯ ‘ಕೊ’ ಎಂಥದೋ ಇದೂ ಅಂಥದೇ. ವಂಶವನ್ನು ಗುರುತಿಸುವ ಕೆಲಸ ನಮ್ಮಲ್ಲಿ ಗೋತ್ರಕ್ಕೆ, ಬೆಡಗಿಗೆ, ತುಳುನಾಡಿನಲ್ಲಿ ಬಳಿಗೆ ಸೇರಿದ್ದು. ಅವು ಮದುವೆಯ ಮಾತುಕತೆಯಲ್ಲಿ ಕೇಳಿಬರುತ್ತವೆಯೇ ಹೊರತು ಹೆಸರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಚೀನೀಯನ ಮನೆಹೆಸರು ಮಾಡುವ ಕೆಲಸವನ್ನು ನಮ್ಮ ಹೆಸರಿನ ಯಾವ ಭಾಗವೂ ಮಾಡದು.

ಹಾಗಾದರೆ ನಮ್ಮ ಹೆಸರು ಏನನ್ನು ಹೊತ್ತಿದೆ? ಊರನ್ನು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಇರುವುದು ಆಂಧ್ರಪ್ರದೇಶದಲ್ಲಿ. ಅವರ ಪೂರ್ವಿಕರು ಆ ಊರನ್ನು ಬಿಟ್ಟುಬಂದವರು. ಡಿ.ವಿ. ಗುಂಡಪ್ಪನವರ ‘ಡಿ’ ಎಂಬುದು ದೇವನಹಳ್ಳಿ; ಅವರು ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರ ‘ಎಚ್’ ಆ ಹೊಸೂರೇ; ಓದಿಗಾಗಿ ಬೆಂಗಳೂರಿಗೆ ಬಂದು, ಅಲ್ಲಿಂದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿದವರು. ಅವರ ‘ಸಿ’ ಎಂಬುದು ಚಿಂತಾಮಣಿ. ಈ ನಾಲ್ಕು ಉದಾಹರಣೆಗಳಿಂದ ಒಂದು ಸೂತ್ರವು ತಾನಾಗಿ ಹೊರಡುತ್ತದೆ. ಜಂಗಮಕೋಟೆಯಲ್ಲೇ ಇರುವ ಮನುಷ್ಯನನ್ನು ಯಾರೂ ಜಂಗಮಕೋಟೆಯವನು ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಜಂಗಮಕೋಟೆಯವರೇ. ಊರು ಬಿಟ್ಟವನಿಗೇ ಊರಿನ ಹೆಸರು ಅಂಟಿಕೊಳ್ಳುವುದು. ಆದ್ದರಿಂದ ನಮ್ಮ ಮೊದಲ ಇನಿಷಿಯಲ್ ಎಂಬುದು ವಾಸಸ್ಥಳದ ಗುರುತಲ್ಲ, ವಲಸೆಯ ದಾಖಲೆ. ಜಂಗಮ ಎಂಬ ಶಬ್ದಕ್ಕೆ ಚಲಿಸುವುದು ಎಂಬ ಅರ್ಥವಿರುವುದು ಇಲ್ಲಿ ನೆನಪಿಗೆ ಬಂದರೆ ಅದು ಕಾಕತಾಳೀಯ.

ಈ ಪದ್ಧತಿಯು ಎಲ್ಲ ವರ್ಗದವರಲ್ಲಿಯೂ ಒಂದೇ ಹದದಲ್ಲಿ ಇತ್ತೆಂದು ತಿಳಿಯಬಾರದು. ಊರು ಬಿಡಬೇಕಾಗಿ ಬಾರದ ರೈತಾಪಿ ಮನೆಗಳಲ್ಲಿ ತಂದೆಯ ಹೆಸರೊಂದೇ ಸಾಕಾಗುತ್ತಿತ್ತು. ಮಗನನ್ನು ಸ್ಕೂಲಿಗೆ ಸೇರಿಸುವ ದಿನ ಹಾಜರಿ ಪುಸ್ತಕದಲ್ಲಿ ಎರಡು ರಾಮಯ್ಯಗಳಿದ್ದರೆ ಮೇಷ್ಟರು ಊರಿನ ಅಕ್ಷರವನ್ನು ಸೇರಿಸುವುದೂ ಉಂಟು. ಹೆಂಗಸರ ವಿಷಯದಲ್ಲಂತೂ ನಷ್ಟವೇ ಹೆಚ್ಚು. ಮದುವೆಯಾದೊಡನೆ ತಂದೆಯ ಅಕ್ಷರ ಹೋಗಿ ಗಂಡನ ಅಕ್ಷರ ಬರುವ ರೂಢಿಯಿದ್ದುದರಿಂದ, ಜಂಗಮಕೋಟೆಯಲ್ಲಿ ಹುಟ್ಟಿ ಬೇರೆಡೆ ಮನೆ ಮಾಡಿದ ಹೆಣ್ಣುಮಕ್ಕಳ ಹೆಸರಿನಲ್ಲಿ ತವರೂರಿನ ಸುಳಿವೇ ಉಳಿಯುತ್ತಿರಲಿಲ್ಲ. ಮನೆಹೆಸರುಗಳಿಂದ ಬರೆಯುವ ಚರಿತ್ರೆಯಲ್ಲಿ ಅರ್ಧದಷ್ಟು ಜನ ಮೊದಲೇ ಬಿಟ್ಟುಹೋಗಿರುತ್ತಾರೆ ಎಂಬುದನ್ನು ಸಂಶೋಧಕನು ಒಪ್ಪಿಕೊಂಡೇ ಕೆಲಸಕ್ಕೆ ತೊಡಗಬೇಕು.

ಚೀನೀಯನೂ ಹಳೆಯ ಮೈಸೂರಿನವನೂ ಪೂರ್ವಿಕರಿಗೆ ಸಂಬಂಧಿಸಿದ್ದನ್ನು ಹೆಸರಿನ ಮೊದಲಿಗೇ ಇಡುತ್ತಾರೆ: ಅವನು ವಂಶವನ್ನು, ಇವನು ಊರನ್ನು. ಪಾಶ್ಚಾತ್ಯನು ಕೊನೆಯಲ್ಲಿ ಇಡುತ್ತಾನೆ. ಚೀನೀಯನು ಹೊರದೇಶಕ್ಕೆ ಹೋದಾಗ ತನ್ನ ಹೆಸರನ್ನು ತಿರುವಿ ಬರೆದುಕೊಂಡರೆ ಸಾಕು. ರಾವ್ ಯಿ ಎಂಬುದು ಯಿ ರಾವ್ ಆಗುತ್ತದೆ, ವಂಶದ ಹೆಸರಿಗೆ ಊನವಾಗುವುದಿಲ್ಲ. ನಮ್ಮವನು ಹೆಸರನ್ನು ತಿರುವಲಿಲ್ಲ. ಇಂಗ್ಲಿಷ್ ಕಚೇರಿಗಳ ಅಭ್ಯಾಸಕ್ಕೆ ಒಗ್ಗಿದ್ದ ಅವನು ಊರನ್ನೂ ತಂದೆಯನ್ನೂ ಒಂದೊಂದು ರೋಮನ್ ಅಕ್ಷರಕ್ಕೆ ಇಳಿಸಿ, ತನ್ನ ಅಂಕಿತನಾಮವನ್ನು ಕೊನೆಗೆ ಪೂರ್ತಿಯಾಗಿ ಬರೆದ. ಕೊನೆಯದೇ ಮನೆಹೆಸರೆಂದು ತಿಳಿಯುವ ದೇಶದಲ್ಲಿ ಆ ಅಂಕಿತನಾಮವೋ, ಅದಕ್ಕೆ ಅಂಟಿದ್ದ ಗೌರವಪದವೋ ಮನೆಹೆಸರಾಗಿ ನಿಂತಿತು. ಸಮಾಜವಿಜ್ಞಾನಿ ಎಂ.ಎನ್. ಶ್ರೀನಿವಾಸರ ಹೆಸರಿನಲ್ಲಿ ಮೈಸೂರು ‘ಎಂ’ ಆಗಿ ಸಣ್ಣದಾಯಿತು. ಹೊರಗಿನವರಿಗೆ ಅವರು ಪ್ರೊಫೆಸರ್ ಶ್ರೀನಿವಾಸ್. ಷಿಕಾಗೊದಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ನರ ‘ಎ’ ಎಂಬುದು ಅತ್ತಿಪಟ್ಟು ಎಂದು ಬಲ್ಲವರು ಎಷ್ಟು ಮಂದಿ? ಗ್ರಂಥಸೂಚಿಯ ನಿಯಮಗಳನ್ನು 1934ರಲ್ಲಿ ಪುಸ್ತಕರೂಪವಾಗಿ ಕಟ್ಟಿಕೊಟ್ಟು, ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರ ‘ಎಸ್’ ಕೂಡ ಶಿಯಾಳಿ ಎಂಬ ಊರೇ.

ರೋಮನ್ ಅಕ್ಷರದ ದೆಸೆಯಿಂದ ಆಗುವ ಗೊಂದಲಕ್ಕೆ ಇಬ್ಬರು ರಾಯರನ್ನು ಒಟ್ಟಿಗೆ ನೋಡಬೇಕು. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆತನದವರು. 2023ರಲ್ಲಿ ಅಮೆರಿಕದ ಬಫೆಲೊ ನಗರದಲ್ಲಿ ತೀರಿಕೊಂಡರು. 1945ರ ಅವರ ಒಂದು ಪ್ರಬಂಧದಿಂದಾಗಿ ‘ಕ್ರಾಮರ್–ರಾವ್’ ಎಂಬ ಪರಿಮಿತಿಯೂ ‘ರಾವ್–ಬ್ಲ್ಯಾಕ್‌ವೆಲ್’ ಎಂಬ ಪ್ರಮೇಯವೂ ಲೋಕದ ಎಲ್ಲ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ನೆಲೆಸಿವೆ. ಅವರ ‘ಸಿ’ ಎಂಬುದು ಕಲ್ಯಂಪುಡಿ ಎಂಬ ಇಂಟಿಪೇರು. ಸಿ.ಎನ್.ಆರ್. ರಾವ್ ಅವರ ‘ಸಿ’ ಚಿಂತಾಮಣಿ. ಒಂದರ ಮೊದಲಕ್ಷರ ಕನ್ನಡದಲ್ಲಿ ‘ಕ’, ಇನ್ನೊಂದರದು ‘ಚಿ’. ರೋಮನ್ ಲಿಪಿಯಲ್ಲಿ ಎರಡೂ ಒಂದೇ ಅಕ್ಷರದ ಹಿಂದೆ ಮರೆಯಾಗಿವೆ. ಗ್ರಂಥಾಲಯದ ಸೂಚಿಯಲ್ಲಿ ಇಬ್ಬರೂ ನೆರೆಯವರು. ಸೂಚಿಯನ್ನು ನೋಡುವ ವಿದೇಶಿಯನು ಇವರು ಅಣ್ಣತಮ್ಮಂದಿರೋ ದಾಯಾದಿಗಳೋ ಎಂದು ಶಂಕಿಸಿದರೆ ಅದು ಅವನ ತಪ್ಪಲ್ಲ. ನಾವು ಕನ್ನಡದಲ್ಲಿ ಬರೆಯುವಾಗಲೂ ‘ಸಿ.’ ಎಂದೇ ಬರೆದು, ಇಂಗ್ಲಿಷ್ ಅಕ್ಷರದ ಹೆಸರನ್ನೇ ಉಚ್ಚರಿಸಿ, ಚಿಂತಾಮಣಿಯನ್ನು ನಮ್ಮವರ ಕಣ್ಣಿಗೂ ಮರೆಮಾಡಿದ್ದೇವೆ.

ಕರಾವಳಿಯ ಬೆನೆಗಲ್ ಮನೆತನದ ಉದಾಹರಣೆಯಲ್ಲಿ ಈ ಎಲ್ಲ ಸಾಧ್ಯತೆಗಳೂ ಒಂದೆಡೆ ಕಾಣಸಿಗುತ್ತವೆ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದು, ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಬೆನೆಗಲ್ ನರಸಿಂಗ ರಾವ್ (1887–1953) ಅವರೂ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಅವರ ತಮ್ಮ ರಾಮರಾವ್ ಅವರೂ ರೋಮನ್ ಲಿಪಿಯಲ್ಲಿ ರಾವ್ ಎಂಬುದರ ಕಡೆಗೆ ‘ಯು’ ಅಕ್ಷರವನ್ನು ಬರೆದರು. ಅವರ ಸಹೋದರರೇ ಆದ ಪತ್ರಿಕೋದ್ಯಮಿ ಬಿ. ಶಿವರಾವ್ ಅವರು ‘ಓ’ ಅಕ್ಷರವನ್ನು ಬರೆದರು. ಜಾವ್ ಮತ್ತು ರಾವ್ ಎಂದು ಚೀನದ ಹೆಸರು ಇಬ್ಭಾಗವಾದುದಕ್ಕೆ ಪ್ರಾಂತ ಕಾಲಗಳ ಕಾರಣವುಂಟು. ಇಲ್ಲಿ ಒಂದೇ ಮನೆಯೊಳಗೆ ಹೆಸರು ಇಬ್ಭಾಗವಾಗಿದೆ. ಆದ್ದರಿಂದ ನಮ್ಮಲ್ಲಿ ಕಾಗುಣಿತದಿಂದ ಊರನ್ನಾಗಲಿ ಕಾಲವನ್ನಾಗಲಿ ಊಹಿಸಹೊರಡುವುದು ಅಪಾಯಕರ. ರಾಮರಾವ್ ಅವರ ಪತ್ನಿ ಧನ್ವಂತಿ ಮತ್ತು ಮಗಳು ಶಾಂತಾ ಇಬ್ಬರೂ ಲೋಕಕ್ಕೆ ಪರಿಚಿತರಾದುದು ರಾಮ ರಾವ್ ಎಂಬ ಮನೆಹೆಸರಿನಿಂದ. ಅರ್ಥಾತ್ ಯಜಮಾನರ ಅಂಕಿತನಾಮವೂ ಗೌರವಪದವೂ ಸೇರಿ ಮನೆಗೆ ಹೆಸರಾದವು, ಕೊಹುವಾಂಕೊ ಎಂಬುದು ಆದಂತೆಯೇ. ಅಮೆರಿಕದಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಶಾಂತಾ ರಾಮ ರಾವ್ (1923–2009) ಅವರು, ಬಾಲ್ಯದಲ್ಲಿ ಆಂಗ್ಲೋ-ಇಂಡಿಯನ್ ಶಾಲೆಯ ಮುಖ್ಯೋಪಾಧ್ಯಾಯಿನಿಯು ತನ್ನನ್ನು ಸಿಂಥಿಯಾ ಎಂದೂ ಅಕ್ಕ ಪ್ರೇಮಿಳೆಯನ್ನು ಪ್ಯಾಮೆಲಾ ಎಂದೂ ಮಾರ್ಪಡಿಸಿದ ಪ್ರಸಂಗವನ್ನು ಒಂದು ಬರಹದಲ್ಲಿ ನಿರೂಪಿಸಿದ್ದಾರೆ. ಇತ್ತ ಅದೇ 20ನೆಯ ಶತಮಾನದಲ್ಲಿ ಚಲನಚಿತ್ರ ನಿರ್ದೇಶಕ ಶ್ಯಾಮ್ ಬೆನೆಗಲ್ (1934–2024) ಅವರ ಹೆಸರಿನಲ್ಲಿ ಬೆನೆಗಲ್ ಎಂಬುದು ಮೊದಲಿನಿಂದ ಕೊನೆಗೆ ಬಂದು ನಿಂತು ಮನೆಹೆಸರಾಯಿತು, ರಾವ್ ಕಾಣೆಯಾಯಿತು. ಕಾರ್ನಾಡ್, ಪಡುಕೋಣೆ ಎಂಬ ಊರ ಹೆಸರುಗಳೂ ಹೀಗೆಯೇ ಉಳಿದುಕೊಂಡವು. ಕುಂದಾಪುರದ ಕಡೆಯ ಪುಟ್ಟ ಊರೊಂದರ ಹೆಸರು ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಅಖಿಲ ಇಂಗ್ಲೆಂಡ್ ಪಂದ್ಯವನ್ನು ಗೆದ್ದಾಗ ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಊರ ಹೆಸರನ್ನು ಕೊನೆಯಲ್ಲಿ ಇಟ್ಟುಕೊಂಡ ಕರಾವಳಿಯವರಿಗೂ ಅದನ್ನು ಮೊದಲಕ್ಷರವಾಗಿ ಇಟ್ಟುಕೊಂಡ ಮೈಸೂರು ಸೀಮೆಯವರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಮೈಸೂರು ಸೀಮೆಯವರು ಇಂದು ಯಾವ ರೀತಿಯಲ್ಲಿ ಹೊರದೇಶದ ಪಟ್ಟಿಗಳನ್ನು ಸೇರುತ್ತಾರೆ ಎಂಬುದನ್ನು ತಿಳಿಯಲು ಪಾಸ್‌ಪೋರ್ಟಿನ ಅರ್ಜಿಯನ್ನು ನೋಡಬೇಕು. ಅದರಲ್ಲಿ ಅಂಕಿತನಾಮಕ್ಕೆ ಒಂದು, ಮನೆಹೆಸರಿಗೆ ಒಂದು ಎಂದು ಎರಡು ಜಾಗಗಳಿವೆ. ಇನಿಷಿಯಲ್ಲುಗಳನ್ನು ಹಾಗೆಯೇ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟ್ ಪುಸ್ತಕದಲ್ಲಿ ಭಾವಚಿತ್ರದ ಕೆಳಗೆ ಯಂತ್ರವು ಓದುವ ಎರಡು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಮೊದಲು ಮನೆಹೆಸರು, ಆಮೇಲೆ ಎರಡು ಬಾಣದ ಗುರುತು, ಅನಂತರ ಅಂಕಿತನಾಮ; ಇಷ್ಟಕ್ಕೂ ಸೇರಿ 39 ಅಕ್ಷರಗಳ ಸ್ಥಳ. ಊಹೆಗಾಗಿ ಜಂಗಮಕೋಟೆಯ ವೆಂಕಟರಮಣಯ್ಯ ಎಂಬವರಿಗೆ ಮೂವರು ಗಂಡುಮಕ್ಕಳು ಇದ್ದಾರೆಂದು ಇಟ್ಟುಕೊಳ್ಳೋಣ: ಸುಬ್ಬರಾವ್, ನಂಜುಂಡಯ್ಯ, ಶ್ರೀನಿವಾಸಮೂರ್ತಿ. ಹಿರಿಯವನು ತನ್ನ ಹೆಸರನ್ನು ಎರಡಾಗಿ ಒಡೆದು ರಾವ್ ಎಂಬುದನ್ನು ಮನೆಹೆಸರಿನ ಜಾಗದಲ್ಲಿ ತುಂಬುತ್ತಾನೆ. ನಡುವಿನವನು ತಂದೆಯ ಹೆಸರನ್ನು ತುಂಬುತ್ತಾನೆ. ಕಿರಿಯವನು ‘ಜೆ’ ಅಕ್ಷರವನ್ನು ಬಿಡಿಸಿ ಜಂಗಮಕೋಟೆ ಎಂದು ಬರೆಯುತ್ತಾನೆ. ಮೂವರ ಮಕ್ಕಳೂ ಹೊರದೇಶದಲ್ಲಿ ಹುಟ್ಟಿ ಆಯಾ ಹೆಸರನ್ನೇ ಪಡೆದ ಮೇಲೆ, ಎರಡೇ ತಲೆಮಾರಿನಲ್ಲಿ ಒಂದು ಮನೆಯು ಮೂರು ಮನೆಹೆಸರುಗಳಾಗುತ್ತದೆ. ಅವರಲ್ಲಿ ಹಿರಿಯವನ ಸಂತತಿಯು ಜನಗಣತಿಯ ಪಟ್ಟಿಯಲ್ಲಿ ತೆಲುಗು, ಮರಾಠಿ, ತುಳು, ಕೊಂಕಣಿ ಮಾತಿನ ರಾಯರೊಂದಿಗೂ ಚೀನದ ರಾವ್‌ಗಳೊಂದಿಗೂ ಒಂದೇ ಸಾಲಿನಲ್ಲಿ ಸೇರುತ್ತದೆ. ಕಿರಿಯವನ ಸಂತತಿಯೊಂದೇ ಊರಿನ ಹೆಸರನ್ನು ಪೂರ್ತಿಯಾಗಿ ಉಳಿಸಿಕೊಂಡದ್ದು. ಆದರೆ ನೂರು ಮಂದಿಯಿಲ್ಲದ ಹೆಸರುಗಳನ್ನು ಕೈಬಿಡುವ ಪಟ್ಟಿಯಲ್ಲಿ ಹೋಬಳಿಯ ಊರೊಂದರ ಹೆಸರನ್ನು ಹುಡುಕಿ ಫಲವಿಲ್ಲ. ಯಾರ ಹೆಸರು ಸಾಕ್ಷಿಯಾಗಬಲ್ಲುದೋ ಅವರು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇರುವವರ ಹೆಸರು ಸಾಕ್ಷಿಯಾಗಲಾರದು.

ಮನೆಹೆಸರಿನ ಜಾಗವನ್ನು ಬರಿದಾಗಿ ಬಿಡುವವರೂ ಇದ್ದಾರೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಒಂದು ಹೆಸರನ್ನೇ ಮನೆಹೆಸರಾಗಿ ಮಾಡಿ, ಅಂಕಿತನಾಮದ ಜಾಗದಲ್ಲಿ ‘ಗೊತ್ತಿಲ್ಲ’ ಎಂಬರ್ಥದ ಮೂರು ಅಕ್ಷರಗಳನ್ನು ಅಚ್ಚುಮಾಡುತ್ತಾರೆ. 2022ರ ನವೆಂಬರ್ ತಿಂಗಳಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳವರು ಒಂದೇ ಹೆಸರುಳ್ಳ ಪಾಸ್‌ಪೋರ್ಟಿನ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಾರಿ, ಪುಸ್ತಕದ ಬೇರೊಂದು ಪುಟದಲ್ಲಿ ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಇದ್ದರೆ ಸಾಕೆಂದು ಸಡಿಲಿಸಿದರು. ಬೆಂಗಳೂರಿನ ಕಡೆ ಈಚೆಗೆ ಇನಿಷಿಯಲ್ಲುಗಳನ್ನು ಹೆಸರಿನ ಹಿಂದೆ ಬರೆಯುವ ರೂಢಿ ಹೆಚ್ಚಿರುವುದರಿಂದ, ‘ಕೆ’ ಅಥವಾ ‘ಎಂ’ ಎಂಬ ಒಂಟಿ ಅಕ್ಷರವೇ ಮನೆಹೆಸರೆಂದು ದಾಖಲಾಗುವುದೂ ಉಂಟು. ಇದನ್ನು ಚೀನದ ಯಾವ ಕಾಗುಣಿತದ ಕ್ರಮವೂ ಸಾಧಿಸಿರಲಿಲ್ಲ!

ಇಷ್ಟನ್ನು ನೋಡಿದ ಮೇಲೆ, ಹೊರದೇಶಗಳಲ್ಲಿ ರಾವ್ ಎಂಬ ಹೆಸರಿನ ಹರಹನ್ನು ನಕ್ಷೆಯಲ್ಲಿ ಗುರುತಿಸಿದರೆ ಅದು ಒಂದು ವಂಶದ ಹರಹಲ್ಲವೆಂದೂ, ಅರ್ಜಿಗಳಲ್ಲಿ ಒಂದು ಜಾಗವನ್ನು ಒಂದು ಬಗೆಯಲ್ಲಿ ತುಂಬಿದವರ ಹರಹೆಂದೂ ಒಪ್ಪಬೇಕಾಗುತ್ತದೆ. ವಿದ್ವತ್ಪತ್ರಿಕೆಗಳ ಸೂಚಿಗಳಲ್ಲಿ ಒಬ್ಬ ರಾವ್‌ಗೂ ಇನ್ನೊಬ್ಬ ರಾವ್‌ಗೂ ಗೊಂದಲವಾಗದಿರಲೆಂದು 2012ರಿಂದ ಲೇಖಕರಿಗೆ 16 ಸ್ಥಾನಗಳ ಗುರುತಿನ ಸಂಖ್ಯೆಯನ್ನು ಕೊಡುವ ‘ಆರ್ಕಿಡ್’ ಎಂಬ ಏರ್ಪಾಡು ಬಂದಿದೆ. ಯಾರು ಯಾರೆಂಬುದನ್ನು ಅದು ಬಿಡಿಸಿ ಹೇಳೀತು. ಯಾವ ಊರಿನವರೆಂಬುದನ್ನು ಹೇಳಲಾರದು.

ಆದುದರಿಂದ ಸಂಶೋಧಕನು ಹೊರಡಬೇಕಾದದ್ದು ಹೊರದೇಶದ ಪಟ್ಟಿಯಿಂದಲ್ಲ, ಈ ತುದಿಯಿಂದ. ತಾಲ್ಲೂಕಿನ ಹಳೆಯ ಸ್ಕೂಲುಗಳ ದಾಖಲಾತಿ ಪುಸ್ತಕಗಳಲ್ಲಿ ತಂದೆಯ ಹೆಸರೂ ಊರೂ ಬಿಡಿಸಿ ಬರೆದಿರುತ್ತವೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ಪದವೀಧರರ ಪಟ್ಟಿಗಳು ಇನಿಷಿಯಲ್ಲುಗಳನ್ನು ಮಾತ್ರ ಕೊಡುತ್ತವೆ. ಸ್ಕೂಲಿನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅವೂ ಮಾತನಾಡತೊಡಗುತ್ತವೆ. ‘ಜೆ’ ಎಂಬುದು ಜಂಗಮಕೋಟೆಯೋ ಜಗಳೂರೋ ಜಮಖಂಡಿಯೋ ಎಂಬುದು ಆಗ ನಿರ್ಣಯವಾಗುತ್ತದೆ. ಹೆಣ್ಣುಮಕ್ಕಳ ತವರೂರಿಗೆ ಮದುವೆಯ ಲಗ್ನಪತ್ರಿಕೆಗಳೇ ಬಹುಶಃ ಎಲ್ಲಕ್ಕಿಂತ ಒಳ್ಳೆಯ ಆಧಾರ. ಅವುಗಳಲ್ಲಿ ಎರಡೂ ಕಡೆಯ ಊರುಗಳು ಅಚ್ಚಾಗಿರುತ್ತವೆ. ಈ ಕೆಲಸವನ್ನು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಪೆಟ್ಟಿಗೆಗಳಿಂದಲೇ ಆರಂಭಿಸಬಹುದು. ತನ್ನ ಹೆಸರಿನ ಮೊದಲಕ್ಷರ ಯಾವ ಊರನ್ನು ಹೇಳುತ್ತದೆಂದು ತಿಳಿಯದ ವಿದ್ಯಾರ್ಥಿಗಳು ತರಗತಿಗೆ ನಾಲ್ಕಾರು ಮಂದಿ ಸಿಕ್ಕಿಯಾರು. ಅವರ ಅಜ್ಜಿಯರು ಬದುಕಿರುವಾಗಲೇ ಕೇಳಿಟ್ಟುಕೊಳ್ಳುವುದು ಮೇಲು.

ಹಾಗೆ ಸಂಗ್ರಹಿಸುವಾಗ ಜಂಗಮಕೋಟೆಯ ಹೆಸರು ಹೊರದೇಶದ ಕಾಗದಪತ್ರಗಳಲ್ಲಿ ಎಷ್ಟು ಬಗೆಯಲ್ಲಿ ಸಿಕ್ಕಬಹುದೆಂಬುದನ್ನೂ ಮುಂಚಿತವಾಗಿ ತಿಳಿದಿರಬೇಕು. ತೆಲುಗು ಮನೆಮಾತಿನವರು ಕಡೆಯ ಸ್ವರವನ್ನು ‘ಅ’ ಮಾಡಿ ಜಂಗಮಕೋಟ ಎಂದು ಬರೆದಾರು. ಕನ್ನಡದವರು ‘ಎ’ಕಾರವನ್ನು ಉಳಿಸಿ ಬರೆದರೆ, ಇಂಗ್ಲಿಷ್ ಮಾತಾಡುವವರು ಪದದ ಕೊನೆಯ ‘ಇ’ ಅಕ್ಷರವನ್ನು ಉಚ್ಚರಿಸದೆ ‘ಜಂಗಮಕೋಟ್’ ಎಂದಾರು. ಅಲ್ಲಿ ಹುಟ್ಟಿದ ಮಗುವು ಶಾಲೆಯಲ್ಲಿ ಕೇಳಿದ ಉಚ್ಚಾರಕ್ಕೆ ತಕ್ಕಂತೆ ಬರೆಯತೊಡಗಿದರೆ ಆ ಕಡೆಯ ಅಕ್ಷರವೂ ಬಿದ್ದುಹೋದೀತು. ಈ ಮೂರು ರೂಪಗಳನ್ನೂ ಒಂದೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಹುಡುಕತಕ್ಕದ್ದು.